ಉರುವಲಿನ ಉಳಿತಾಯ: ಒಲೆಯಿಂದ ಹೊಲದವರೆಗೆ



ಬಿತ್ತನೆಗೆ ಮುಂಚೆ ಬೀಜವನ್ನು ಅಳೆದು ನೋಡುತ್ತೇವೆ. ಗೊಬ್ಬರವನ್ನು ಗಾಡಿಯ ಲೆಕ್ಕದಲ್ಲಿ ಎಣಿಸುತ್ತೇವೆ. ಮಾರಿದ ರಾಗಿಗೂ ಕೊಂಡ ಹಿಂಡಿಗೂ ಲೆಕ್ಕವಿರುತ್ತದೆ. ಆದರೆ ದಿನವೂ ಉರಿಯುವ ಒಲೆಗೆ ಎಷ್ಟು ಸೌದೆ ಹೋಯಿತು, ಎಷ್ಟು ಬೆರಣಿ ಹೋಯಿತು ಎಂದು ಲೆಕ್ಕವಿಟ್ಟ ಮನೆ ಅಪರೂಪ. ಕಾರಣವೂ ಸ್ಪಷ್ಟವಾಗಿಯೇ ಇದೆ. ಉರುವಲನ್ನು ಬಹುಮಟ್ಟಿಗೆ ನಾವು ಹಣ ಕೊಟ್ಟು ಕೊಳ್ಳುವುದಿಲ್ಲ. ಹಣ ಕೊಡದೆ ಬಂದದ್ದು ಪುಕ್ಕಟೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಉರುವಲು ಪುಕ್ಕಟೆಯಲ್ಲ. ಸೌದೆಗೆ ನಾವು ಕೊಡುವ ಬೆಲೆ ಮನೆಯ ಹೆಂಗಸರ ಬೆವರು ಮತ್ತು ಕಣ್ಣು. ಬೆರಣಿಗೆ ಕೊಡುವ ಬೆಲೆ ಹೊಲದ ಗೊಬ್ಬರ. ವ್ಯರ್ಥವಾಗಿ ಓಡುವ ಪಂಪಿಗೆ ಕೊಡುವ ಬೆಲೆ ಬಾವಿಯ ನೀರು. ಈ ಮೂರೂ ಯಾವ ರಸೀದಿಯಲ್ಲೂ ಕಾಣುವುದಿಲ್ಲ, ಆದರೆ ಮೂರನ್ನೂ ತೆರುವವರು ನಾವೇ.

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಅಡುಗೆ ಅನಿಲದ ಸಿಲಿಂಡರು ಹಳ್ಳಿ ಹಳ್ಳಿಗೂ ಬಂದಿದೆ. ಇದು ಒಳ್ಳೆಯದೇ. ಆದರೂ ಸೌದೆಯ ಒಲೆ ಮನೆಬಿಟ್ಟು ಹೋಗಿಲ್ಲ. ಸ್ನಾನದ ಹಂಡೆಗೆ, ದನಕ್ಕೆ ಹುರುಳಿ ಬೇಯಿಸಲು, ಹಬ್ಬದ ಅಡುಗೆಗೆ, ಸಿಲಿಂಡರು ಮುಗಿದ ದಿನಗಳಿಗೆ ಇಂದಿಗೂ ಸೌದೆಯೇ ಬೇಕು. ಆದ್ದರಿಂದ ಒಲೆಯ ವಿಚಾರ ಹಳೆಯದಾಯಿತು ಎಂದು ಯಾರೂ ತಿಳಿಯಬಾರದು.

ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ. ಹೊಸ ಉರುವಲನ್ನು ಹುಡುಕುವ ಮುಂಚೆ, ಇರುವ ಉರುವಲು ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ಕಂಡು ನಿಲ್ಲಿಸಬೇಕು. ತೂತಿರುವ ಕೊಡಕ್ಕೆ ಎಷ್ಟು ನೀರು ಸೇದಿ ಹಾಕಿದರೇನು?

ಶಾಖವೆಲ್ಲ ಎಲ್ಲಿ ಹೋಗುತ್ತದೆ?

ಮೂರು ಕಲ್ಲಿನ ಒಲೆಯಲ್ಲಿ 10 ಕೆ.ಜಿ. ಸೌದೆ ಉರಿಸಿದರೆ, ಸುಮಾರು 1 ಕೆ.ಜಿ. ಸೌದೆಯ ಶಾಖ ಮಾತ್ರ ಪಾತ್ರೆಗೆ ತಾಗುತ್ತದೆ. ಅಂದರೆ 100ಕ್ಕೆ 10 ಪಾಲು. ಎಚ್ಚರದಿಂದ ಉರಿ ಹಾಕುವವರ ಒಲೆಯಲ್ಲಿ ಇದು ಸ್ವಲ್ಪ ಹೆಚ್ಚಾಗಬಹುದು, ಗಾಳಿಗೆ ತೆರೆದ ಒಲೆಯಲ್ಲಿ ಇನ್ನೂ ಕಡಿಮೆಯಾಗಬಹುದು. ಉಳಿದ 9 ಕೆ.ಜಿ. ಸೌದೆ ಏನಾಯಿತು?

ಮೊದಲನೆಯದಾಗಿ, ಉರಿಯ ನಾಲಗೆ ಪಾತ್ರೆಯ ಪಕ್ಕದಿಂದ ಹೊರಕ್ಕೆ ಹೋಗಿ ಅಡುಗೆಮನೆಯ ಗಾಳಿಯನ್ನು ಕಾಯಿಸುತ್ತದೆ. ಎರಡನೆಯದಾಗಿ, ಒಲೆಯ ಮಣ್ಣು, ಕಲ್ಲು, ನೆಲ ಶಾಖವನ್ನು ಕುಡಿಯುತ್ತವೆ. ಮೂರನೆಯದಾಗಿ, ಒಂದಷ್ಟು ಉರುವಲು ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತದೆ. ಹೊಗೆಯೆಂದರೆ ಉರಿಯದೆ ಉಳಿದ ಸೌದೆಯೇ ಹೊರತು ಬೇರೇನೂ ಅಲ್ಲ. ಸೂರಿನ ಮೇಲೆ, ಗೋಡೆಯ ಮೇಲೆ, ಪಾತ್ರೆಯ ತಳದಲ್ಲಿ ಕಟ್ಟುವ ಕರಿ ಮಸಿ ನಿಮ್ಮ ಸೌದೆಯ ಒಂದು ಭಾಗ.

ಇದು ತಿಳಿದ ಮೇಲೆ ಉಪಾಯವೂ ತಾನಾಗಿ ತಿಳಿಯುತ್ತದೆ. ಉರಿ ಪಾತ್ರೆಯ ಕೆಳಗೇ ಇರಬೇಕು, ಗಾಳಿ ತಕ್ಕಷ್ಟು ಆಡಬೇಕು, ಸೌದೆ ಒಣಗಿರಬೇಕು.

ಕಾಸು ಖರ್ಚಿಲ್ಲದ ಕೆಲವು ಉಪಾಯಗಳು

1. ಒಣಗಿದ ಸೌದೆಯನ್ನೇ ಉರಿಸಿ. ಆಗ ತಾನೇ ಕಡಿದ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರುತ್ತದೆ. ಅದನ್ನು ಒಲೆಗಿಟ್ಟರೆ ಬೆಂಕಿ ಮೊದಲು ಆ ನೀರನ್ನು ಹಬೆ ಮಾಡಿ ಹೊರಹಾಕಬೇಕು, ಆಮೇಲೆ ನಿಮ್ಮ ಅನ್ನ ಬೇಯಿಸಬೇಕು. ಅಲ್ಲದೆ ಹಸಿ ಸೌದೆ ತಂಪಾಗಿ ಉರಿಯುವುದರಿಂದ ಹೊಗೆ ಹೆಚ್ಚು. ಬೇಸಿಗೆಯಲ್ಲೇ ಸೌದೆ ಕಡಿದು, ಸೀಳಿ, ಗಾಳಿಯಾಡುವಂತೆ ಅಡ್ಡಡ್ಡಲಾಗಿ ಒಟ್ಟಿ, ಮೇಲೆ ಹೊದಿಕೆ ಹಾಕಿದರೆ ಮಳೆಗಾಲಕ್ಕೆ ಚಿಂತೆಯಿಲ್ಲ. ಒಟ್ಟಲು ನೆಲಕ್ಕೆ ತಾಗದಂತೆ ಕೆಳಗೆ ಎರಡು ಸಾಲು ಕಲ್ಲು ಇಡಿ.

2. ಸೌದೆಯನ್ನು ಸಣ್ಣದಾಗಿ ಸೀಳಿ. ಹೆಬ್ಬೆರಳು ಗಾತ್ರದ ಸೀಳುಗಳು ಚೆನ್ನಾಗಿ ಹತ್ತಿ, ಹೊಗೆ ಕಡಿಮೆ ಮಾಡಿ ಉರಿಯುತ್ತವೆ. ದಪ್ಪ ಕೊರಡು ಒಲೆಯ ಬಾಯಿಯಿಂದ ಹೊರಕ್ಕೆ ಚಾಚಿಕೊಂಡು ಹೊಗೆಯಾಡುವುದೇ ಹೆಚ್ಚು. ತೊಗರಿ ಕಡ್ಡಿ, ತೆಂಗಿನ ಮಟ್ಟೆ, ಕರಟ, ಪುಳ್ಳೆ ಇವೆಲ್ಲ ಒಳ್ಳೆಯ ಉರುವಲು. ಇವು ಇರುವಾಗ ಮರದ ಬುಡಕ್ಕೆ ಕೊಡಲಿ ಹಾಕಬೇಕಾಗಿಲ್ಲ.

3. ಪಾತ್ರೆಯ ಬಾಯಿ ಮುಚ್ಚಿ. ಒಂದು ಲೀಟರು ತಣ್ಣೀರನ್ನು ಕುದಿ ಬರಿಸಲು ಒಂದು ಪಾಲು ಶಾಖ ಬೇಕಾದರೆ, ಕುದಿಯುತ್ತಿರುವ ಅದೇ ನೀರನ್ನು ಪೂರಾ ಹಬೆ ಮಾಡಲು ಸುಮಾರು ಏಳು ಪಾಲು ಬೇಕು. ಬಾಯಿ ತೆರೆದ ಪಾತ್ರೆಯಿಂದ ಹಬೆ ಎದ್ದುಹೋಗುವಾಗ ಹೋಗುತ್ತಿರುವುದು ಬರಿ ನೀರಲ್ಲ, ಸೌದೆ.

4. ಕುದಿ ಬಂದ ಮೇಲೆ ಉರಿ ಹಿಂದಕ್ಕೆ ಎಳೆಯಿರಿ. ನೀರು ಒಮ್ಮೆ ಕುದಿದ ಮೇಲೆ ಎಷ್ಟೇ ಉರಿ ಹಾಕಿದರೂ ಅದರ ಬಿಸಿ ಹೆಚ್ಚುವುದಿಲ್ಲ, ಬೇಳೆ ಬೇಗ ಬೇಯುವುದೂ ಇಲ್ಲ. ಹಬೆ ಮಾತ್ರ ಹೆಚ್ಚುತ್ತದೆ. ಸಣ್ಣ ಉರಿ ಸಾಕು. ಅನಿಲದ ಒಲೆಗೂ ಇದೇ ಮಾತು: ಉರಿ ಪಾತ್ರೆಯ ತಳ ದಾಟಿ ಪಕ್ಕಕ್ಕೆ ಬರಬಾರದು.

5. ಕಾಳುಗಳನ್ನು ರಾತ್ರಿಯೇ ನೆನೆಹಾಕಿ. ಅವರೆ, ಹುರುಳಿ, ಕಡಲೆ, ಅಲಸಂದೆ ನೆನೆದಿದ್ದರೆ ಬೇಯುವ ಹೊತ್ತು ಬಹಳ ಕಡಿಮೆಯಾಗುತ್ತದೆ. ನೀರು ಮಾಡುವ ಕೆಲಸಕ್ಕೆ ಬೆಂಕಿಯನ್ನು ಏಕೆ ಹಚ್ಚಬೇಕು?

6. ಹುಲ್ಲಿನ ಬುಟ್ಟಿ. ದೊಡ್ಡ ಬುಟ್ಟಿಯೊಂದರ ತಳಕ್ಕೂ ಸುತ್ತಲೂ ಒಂದು ಗೇಣು ದಪ್ಪ ಒಣಹುಲ್ಲನ್ನು ಒತ್ತಿ ತುಂಬಿ, ನಡುವೆ ಪಾತ್ರೆ ಕೂರುವಷ್ಟು ಜಾಗ ಬಿಡಿ. ಹುಲ್ಲು ತುಂಬಿದ ಗೋಣಿಯ ಮೆತ್ತೆಯೊಂದನ್ನು ಮುಚ್ಚಳ ಮಾಡಿಕೊಳ್ಳಿ. ಅಳತೆಯ ನೀರಿನಲ್ಲಿ ಅಕ್ಕಿಯನ್ನು ಒಲೆಯ ಮೇಲೆ ಐದು ನಿಮಿಷ ಚೆನ್ನಾಗಿ ಕುದಿಸಿ, ಬಾಯಿ ಮುಚ್ಚಿ, ಪಾತ್ರೆಯನ್ನು ಬುಟ್ಟಿಯೊಳಗಿಟ್ಟು ಮೆತ್ತೆ ಹೊದಿಸಿ. ಸುಮಾರು ಒಂದು ಗಂಟೆಯಲ್ಲಿ ಅನ್ನ ತಾನಾಗಿ ಬೆಂದಿರುತ್ತದೆ. ನೆನೆಸಿದ ಕಾಳಾದರೆ ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಕುದಿಸಿ ಎರಡು ಮೂರು ಗಂಟೆ ಬಿಡಬೇಕು, ಉಣ್ಣುವ ಮುಂಚೆ ಇನ್ನೊಮ್ಮೆ ಕುದಿಸಬೇಕು. ಮಾಂಸದ ಅಡುಗೆಗೆ ಇದು ತಕ್ಕದ್ದಲ್ಲ. ಬುಟ್ಟಿಯಲ್ಲಿ ಅಡುಗೆ ಬೇಯುತ್ತಿರುವಾಗ ಕಳೆ ಕೀಳುವುದಕ್ಕೂ ಹೋಗಿಬರಬಹುದು. ತಳ ಹಿಡಿಯುವ ಭಯವಿಲ್ಲ.

7. ಸ್ನಾನದ ನೀರನ್ನು ಬಿಸಿಲಿಗಿಡಿ. ಅನೇಕ ಮನೆಗಳಲ್ಲಿ ಅಡುಗೆಗಿಂತ ಬಚ್ಚಲ ಹಂಡೆಗೇ ಹೆಚ್ಚು ಸೌದೆ ಹೋಗುತ್ತದೆ. 25 ಡಿಗ್ರಿ ಇರುವ ನೀರನ್ನು ಸ್ನಾನಕ್ಕೆ 40 ಡಿಗ್ರಿಗೆ ತರಬೇಕಾದರೆ 15 ಡಿಗ್ರಿ ಏರಿಸಬೇಕು. ಹೊರಗೆ ಕಪ್ಪು ಬಣ್ಣ ಬಳಿದ ಪಾತ್ರೆಯಲ್ಲಿ ಮುಚ್ಚಿಟ್ಟ ನೀರು ಬಿಸಿಲಿಗೆ 32 ಡಿಗ್ರಿ ಮುಟ್ಟಿದ್ದರೆ ಉಳಿದದ್ದು 8 ಡಿಗ್ರಿ ಮಾತ್ರ. ಅರ್ಧದಷ್ಟು ಕೆಲಸವನ್ನು ಸೂರ್ಯನೇ ಮಾಡಿಕೊಟ್ಟ ಹಾಗಾಯಿತು. ಹೊಲದಿಂದ ಬಂದು ಸಂಜೆ ಸ್ನಾನ ಮಾಡುವವರಿಗೆ ಇದು ಬಹಳ ಅನುಕೂಲ.

ಹೊಗೆಯಿಲ್ಲದ ಒಲೆ

ಹೊಗೆಯಿಲ್ಲದ ಒಲೆಯ ಮಾತು ಇಂದು ನಿನ್ನೆಯದಲ್ಲ. ವಾರ್ಧಾದ ಮಗನ್‌ವಾಡಿಯಲ್ಲಿ 1947ರ ಸುಮಾರಿಗೆ ಮಗನ್ ಚೂಲಾ ಎಂಬ ಒಲೆ ರೂಪುಗೊಂಡಿತು. ಹೈದರಾಬಾದಿನ ಇಂಜಿನಿಯರಿಂಗ್ ಸಂಶೋಧನಾಲಯದ ಡಾ. ಎಸ್. ಪಿ. ರಾಜು ಅವರು ಹೊಗೆಕೊಳವೆಯುಳ್ಳ ಮಣ್ಣಿನ ಒಲೆಯೊಂದನ್ನು ರೂಪಿಸಿ 1953ರಲ್ಲಿ ಪ್ರಚಾರಕ್ಕೆ ತಂದರು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ವಿಕಾಸ ಯೋಜನೆಯ ಕಾಲದಲ್ಲಿ ಗ್ರಾಮಸೇವಿಕೆಯರು ಮನೆ ಮನೆಗೂ ಹೋಗಿ ಇಂಥ ಒಲೆಗಳ ವಿಷಯ ಹೇಳುತ್ತಿದ್ದರು.

ನಮ್ಮ ನಾಡಿನಲ್ಲೇ ಈ ಕೆಲಸ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ಹಳ್ಳಿಗಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಯಲ್ಲೇ ನಿಂತು ಬೆಳೆಸಬೇಕೆಂಬುದು ಅದರ ಉದ್ದೇಶ. ಅದಕ್ಕಾಗಿ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಒಂದು ಕೇಂದ್ರವನ್ನೂ ತೆರೆದರು. 1980ರ ದಶಕದಲ್ಲಿ ಹೆಸರಾದ 'ಅಸ್ತ್ರ ಒಲೆ' ಈ ವಿಭಾಗದ್ದು.

ಈ ಒಲೆಯಲ್ಲಿ ಒಂದೇ ಉರಿಗೆ ಮೂರು ಪಾತ್ರೆ ಕೂರುತ್ತವೆ. ನಮ್ಮ ಹಿರಿಯರ ಕೋಡೊಲೆಯಲ್ಲೂ ಇದೇ ಜಾಣತನವಿತ್ತು. ದೊಡ್ಡ ಒಲೆಯಲ್ಲಿ ಅನ್ನ ಬೇಯುವಾಗ ಪಕ್ಕದ ಕೋಡೊಲೆಯಲ್ಲಿ ಸಾರು ಕಾಯುತ್ತಿತ್ತು. ಅಸ್ತ್ರ ಒಲೆಯಲ್ಲಿ ಇದರ ಜೊತೆಗೆ ಕೆಲವು ವಿಶೇಷಗಳಿವೆ. ಸೌದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುವುದರಿಂದ ಕೆಳಗಿನಿಂದ ಗಾಳಿ ಆಡುತ್ತದೆ. ಸೌದೆ ಹಾಕುವ ಬಾಯಿಗೆ ತಗಡಿನ ಮುಚ್ಚಳವಿರುವುದರಿಂದ ಬೇಡದ ತಣ್ಣನೆಯ ಗಾಳಿ ಒಳನುಗ್ಗುವುದಿಲ್ಲ. ಪಾತ್ರೆಗಳು ಕಂಡಿಯ ಮೇಲೆ ಕೂರುವ ಬದಲು ಕಂಡಿಯೊಳಗೆ ಇಳಿದು ಕೂರುವುದರಿಂದ ಬಿಸಿಗಾಳಿ ಪಾತ್ರೆಯ ಪಕ್ಕಗಳನ್ನೂ ತಾಗುತ್ತದೆ. ಕೊನೆಗೆ ಹೊಗೆ ಕೊಳವೆಯ ಮೂಲಕ ಸೂರಿನ ಮೇಲಕ್ಕೆ ಹೋಗುತ್ತದೆ. ಪರೀಕ್ಷೆಗಳಲ್ಲಿ ಸೌದೆಯ ಶಾಖದ 100ಕ್ಕೆ 30ರಿಂದ 40 ಪಾಲು ಪಾತ್ರೆಗಳಿಗೆ ದಕ್ಕಿದ್ದು ಕಂಡುಬಂದಿತು. ಮೂರು ಕಲ್ಲಿನ ಒಲೆಯ ಮೂರು ನಾಲ್ಕು ಪಟ್ಟು ಎಂದಾಯಿತು.

1983ರಿಂದ 2002ರವರೆಗೆ ಭಾರತ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ನಡೆಸಿತು. ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆಗಳು ಹಾಕಲ್ಪಟ್ಟವು. ಆದರೆ ಅವುಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಮೂಲೆಗುಂಪಾದವು ಎಂಬುದನ್ನೂ ಹೇಳಲೇಬೇಕು. ಕಾರಣಗಳನ್ನು ತಿಳಿದರೆ ಮುಂದೆ ಒಲೆ ಹಾಕಿಸುವವರಿಗೆ ಅನುಕೂಲ.

ಮನೆಯ ಪಾತ್ರೆಗಳ ಅಳತೆ ನೋಡದೆ ಕಂಡಿ ಬಿಟ್ಟರೆ ಪಾತ್ರೆ ಸರಿಯಾಗಿ ಕೂರದು, ಸಂದಿಯಲ್ಲಿ ಹೊಗೆ ಬರುತ್ತದೆ. ಆದ್ದರಿಂದ ಒಲೆ ಹಾಕಿಸುವಾಗ ಅಡುಗೆ ಮಾಡುವ ಹೆಣ್ಣುಮಗಳೇ ಮುಂದೆ ನಿಂತು ತನ್ನ ಪಾತ್ರೆಗಳನ್ನು ಇಟ್ಟು ಅಳತೆ ಮಾಡಿಸಬೇಕು. ದಪ್ಪ ಕೊರಡು ತುರುಕಲೆಂದು ಒಲೆಯ ಬಾಯನ್ನು ಒಡೆದು ಅಗಲ ಮಾಡಬಾರದು. ಹಾಗೆ ಮಾಡಿದ ದಿನವೇ ಅದು ಮತ್ತೆ ಹಳೆಯ ಒಲೆಯಾಯಿತು. ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಹಿಂದಕ್ಕೆ ತಿರುಗುತ್ತದೆ. ತಿಂಗಳಿಗೊಮ್ಮೆ ಉದ್ದ ಕೋಲಿಗೆ ಚಿಂದಿ ಸುತ್ತಿ ಕೊಳವೆಯನ್ನು ತಪ್ಪದೆ ಒರೆಸಬೇಕು. ಬಿರುಕನ್ನು ಕಂಡ ಕೂಡಲೆ ಜೇಡಿಮಣ್ಣು, ಸಗಣಿ, ಹೊಟ್ಟು ಕಲಸಿ ಮೆತ್ತಬೇಕು. ಹುಲ್ಲಿನ ಅಥವಾ ಸೋಗೆಯ ಸೂರಿದ್ದರೆ ಕೊಳವೆ ಹಾದುಹೋಗುವ ಕಡೆ ಸುತ್ತ ಜಾಗ ಬಿಟ್ಟು ತಗಡು ಹಾಕಿಸಬೇಕು. ಕೊಳವೆಯ ತುದಿ ಸೂರಿನಿಂದ ಸಾಕಷ್ಟು ಮೇಲಿರಬೇಕು. ಕೊಳವೆಯ ಅಳತೆ, ಜಾಲರಿಯ ಎತ್ತರ ಇವುಗಳನ್ನು ಅನುಭವವಿರುವ ಕೆಲಸಗಾರರಿಂದಲೇ ಮಾಡಿಸಿ.

ಕಣ್ಣೀರಿಗೆ ಬೆಲೆ ಕಟ್ಟುವವರು ಯಾರು?

ಸೌದೆ ಉಳಿಯುವುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭ ಮನೆಯವರ ಆರೋಗ್ಯ. ಅಡುಗೆಮನೆಯ ಹೊಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮಸಿಯ ಕಣಗಳೂ ವಿಷಾನಿಲವೂ ಇರುತ್ತವೆ. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ವರ್ಷಗಟ್ಟಲೆ ಊದುಗೊಳವೆ ಹಿಡಿದು ಒಲೆಯ ಮುಂದೆ ಕುಳಿತ ತಾಯಂದಿರಿಗೆ ಬಿಡದ ಕೆಮ್ಮು, ಉಬ್ಬಸ, ಕಣ್ಣಿನ ಪೊರೆ ಬರುವುದಕ್ಕೂ, ಬೆನ್ನಿಗೆ ಕಟ್ಟಿದ ಎಳೆಮಕ್ಕಳಿಗೆ ನ್ಯುಮೋನಿಯಾ ಬರುವುದಕ್ಕೂ ಈ ಹೊಗೆ ಕಾರಣವಾಗುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಇನ್ನು ಶ್ರಮದ ಮಾತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಚಿಕ್ಕ ಗ್ರಾಮದಲ್ಲಿ ಅಸ್ತ್ರದವರು 1970ರ ದಶಕದ ಕೊನೆಯಲ್ಲಿ ಮನೆ ಮನೆಯ ಲೆಕ್ಕ ತೆಗೆದರು. ಊರಿನ ಒಟ್ಟು ದುಡಿಮೆಯ ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೆಂಗಸರದೆಂದು ಅದರಿಂದ ತಿಳಿದುಬಂದಿತು. ಸೌದೆ ಆಯಲು ಒಂದೊಂದು ಮನೆಯವರು ದಿನಕ್ಕೆ ಸರಾಸರಿ ಎರಡೂವರೆ ಗಂಟೆಯಷ್ಟು ಹೊತ್ತು ಕಳೆಯುತ್ತಿದ್ದರು. ಒಲೆಯ ಖರ್ಚು ಅರ್ಧಕ್ಕೆ ಇಳಿದರೆ ಆ ನಡಿಗೆಯೂ ಅರ್ಧಕ್ಕೆ ಇಳಿದಂತೆ. ಉಳಿದ ಹೊತ್ತಿನಲ್ಲಿ ಹೆಣ್ಣುಮಗುವೊಂದು ಶಾಲೆಗೆ ಹೋಗಬಹುದು, ತಾಯಿಯೊಬ್ಬಳು ಒಂದು ಗಳಿಗೆ ಕಾಲು ನೀಡಿ ಕೂರಬಹುದು.

ಒಲೆಯನ್ನು ಬದಲಿಸುವುದಕ್ಕೆ ಆಗದಿದ್ದರೂ ಒಂದು ಕಿಟಕಿಯನ್ನಾದರೂ ಬಿಡಿಸಿ. ಸೂರಿನಲ್ಲಿ ನಾಲ್ಕು ಹೆಂಚು ಎತ್ತಿ ಗವಾಕ್ಷಿ ಮಾಡಿ. ಒಲೆಯ ಪಕ್ಕದಲ್ಲಿ ಮಗುವನ್ನು ಮಲಗಿಸಬೇಡಿ.

ಸಗಣಿಯನ್ನು ಸುಡಬೇಡಿ

ಬೆರಣಿ ಸುಡುವುದೆಂದರೆ ಹೊಲದ ಅನ್ನವನ್ನು ಒಲೆಗೆ ಹಾಕಿದಂತೆ. ಸಗಣಿಯಲ್ಲಿರುವ ಸಾರಜನಕ ಬೆಂಕಿಯಲ್ಲಿ ಗಾಳಿಪಾಲಾಗುತ್ತದೆ. ಮಣ್ಣನ್ನು ಮೆದುಗೊಳಿಸಿ ತೇವ ಹಿಡಿದಿಡುವ ಸಾವಯವ ಅಂಶವೂ ಸುಟ್ಟುಹೋಗುತ್ತದೆ. ಉಳಿಯುವುದು ಬೂದಿ ಮಾತ್ರ. ಆಮೇಲೆ ಪೇಟೆಗೆ ಹೋಗಿ ಹಣ ತೆತ್ತು ಯೂರಿಯಾ ಚೀಲ ತರುತ್ತೇವೆ. ಮನೆಯ ಸರಕನ್ನು ಸುಟ್ಟು ಪೇಟೆಯ ಸರಕನ್ನು ಕೊಳ್ಳುವುದು ಯಾವ ಬೇಸಾಯ?

ಒಂದೇ ಸಗಣಿಯಿಂದ ಉರಿಯನ್ನೂ ಗೊಬ್ಬರವನ್ನೂ ಪಡೆಯುವ ದಾರಿಯಿದೆ. ಅದೇ ಗೋಬರ್ ಅನಿಲ ಸ್ಥಾವರ. ಗಾಳಿಯಾಡದ ಗುಂಡಿಯಲ್ಲಿ ಸಗಣಿ ಕೊಳೆಯುವಾಗ ಮಿಥೇನ್ ಎಂಬ ಉರಿಯುವ ಅನಿಲ ಹುಟ್ಟುತ್ತದೆ. ಅನಿಲವನ್ನು ಕೊಳವೆಯಲ್ಲಿ ಒಲೆಗೆ ಒಯ್ಯಬಹುದು. ಹೊರಬರುವ ಬಗ್ಗಡದಲ್ಲಿ ಗೊಬ್ಬರದ ಸಾರ ಉಳಿದುಕೊಂಡಿರುತ್ತದೆ. 1950ರ ದಶಕದಲ್ಲಿ ಜಶಭಾಯಿ ಪಟೇಲರು ರೂಪಿಸಿದ ಮಾದರಿಯನ್ನು ಖಾದಿ ಆಯೋಗ ದೇಶದಲ್ಲೆಲ್ಲ ಹರಡಿತು. ಅದರಲ್ಲಿ ಮೇಲೆ ಕೆಳಗೆ ಆಡುವ ಕಬ್ಬಿಣದ ಡ್ರಮ್ಮು ಇರುತ್ತದೆ. 1984ರಲ್ಲಿ ಬಂದ ದೀನಬಂಧು ಮಾದರಿ ನೆಲದಡಿಯ ಇಟ್ಟಿಗೆ ಗುಮ್ಮಟ. ತುಕ್ಕು ಹಿಡಿಯುವ ಡ್ರಮ್ಮು ಇದಕ್ಕೆ ಬೇಡವಾದ್ದರಿಂದ ಖರ್ಚು ಕಡಿಮೆ.

ಲೆಕ್ಕ ಹೀಗಿದೆ. ಒಂದು ದನದಿಂದ ದಿನಕ್ಕೆ ಸುಮಾರು 10 ಕೆ.ಜಿ. ಸಗಣಿ ಎಂದಿಟ್ಟುಕೊಳ್ಳಿ. 25 ಕೆ.ಜಿ. ಸಗಣಿಗೆ ಸುಮಾರು 1 ಘನಮೀಟರು ಅನಿಲ. ದಿನಕ್ಕೆ 2 ಘನಮೀಟರಿನ ಸ್ಥಾವರಕ್ಕೆ 50 ಕೆ.ಜಿ. ಸಗಣಿ, ಎಂದರೆ ನಾಲ್ಕೈದು ದನ ಬೇಕು. ಇದು ಐದಾರು ಜನರ ಮನೆಗೆ ಎರಡು ಹೊತ್ತಿನ ಅಡುಗೆಗೆ ಸಾಕು. ಈ 2 ಘನಮೀಟರು ಅನಿಲ ಸುಮಾರು 7 ಕೆ.ಜಿ. ಸೌದೆಯ ಕೆಲಸ ಮಾಡುತ್ತದೆ. ಸಿಲಿಂಡರಿನ ಲೆಕ್ಕದಲ್ಲಿ ಹೇಳಬೇಕಾದರೆ, ಹದಿನಾರು ಹದಿನೇಳು ದಿನಗಳಲ್ಲಿ ಹುಟ್ಟುವ ಅನಿಲ 14.2 ಕೆ.ಜಿ.ಯ ಒಂದು ಸಿಲಿಂಡರಿಗೆ ಸಮ.

ಸ್ಥಾವರ ಇಟ್ಟವರು ನೆನಪಿಡಬೇಕಾದ ಅಂಶಗಳು:

ದಿನವೂ ಸಗಣಿ ಹಾಕಬೇಕು. ಸಗಣಿಯಷ್ಟೇ ನೀರು ಬೆರೆಸಿ, ಗಂಟಿಲ್ಲದಂತೆ ಕದಡಿ, ಹುಲ್ಲು, ಮರಳು, ಕಲ್ಲು ತೆಗೆದು ಒಳಗೆ ಬಿಡಬೇಕು. ಸೋಪಿನ ನೀರು, ಫಿನಾಯಿಲು, ಔಷಧಿ ತೊಳೆದ ನೀರು ಗುಂಡಿಗೆ ಹೋಗಕೂಡದು. ಅನಿಲ ಹುಟ್ಟಿಸುವ ಸೂಕ್ಷ್ಮಜೀವಿಗಳು ಅದರಿಂದ ಸಾಯುತ್ತವೆ. ಮೊದಲ ಸಾರಿ ತುಂಬಿದ ಮೇಲೆ ಎರಡರಿಂದ ನಾಲ್ಕು ವಾರ ತಾಳ್ಮೆ ಬೇಕು. ಮೊದಲು ಬರುವ ಅನಿಲದಲ್ಲಿ ಗಾಳಿ ಬೆರೆತಿರುವುದರಿಂದ ಅದಕ್ಕೆ ಬೆಂಕಿ ಹಚ್ಚದೆ ಹೊರಗೆ ಬಿಡಬೇಕು. ಕೊಳವೆಯಲ್ಲಿ ನಿಂತ ನೀರನ್ನು ಆಗಾಗ ಹೊರಹಾಕಬೇಕು. ಜಾಗ ಬಿಸಿಲು ಬೀಳುವಂತಿದ್ದು ಕೊಟ್ಟಿಗೆಗೂ ಅಡುಗೆಮನೆಗೂ ಹತ್ತಿರವಿರಬೇಕು, ಕುಡಿಯುವ ನೀರಿನ ಬಾವಿಗೆ ದೂರವಿರಬೇಕು. ಚಳಿಗಾಲದಲ್ಲಿ ಅನಿಲ ಕಡಿಮೆಯಾಗುವುದು ಸಹಜ. ಬಗ್ಗಡವನ್ನು ಬಯಲಿಗೆ ಹರಿಯಬಿಡದೆ, ತರಗೆಲೆ, ಕಸಕಡ್ಡಿಯ ಪದರಗಳ ಮೇಲೆ ಹುಯ್ದು ಗುಂಡಿಯಲ್ಲಿ ಗೊಬ್ಬರ ಮಾಡಿ.

ಎರಡು ದನ ಮಾತ್ರ ಇರುವವರು ನೆರೆಯವರ ಸ್ಥಾವರ ನೋಡಿ ದೊಡ್ಡದನ್ನು ಕಟ್ಟಿಸಬಾರದು. ಪುರ ಗ್ರಾಮದ ಅನುಭವ ಇಲ್ಲಿ ಪಾಠ ಹೇಳುತ್ತದೆ. ಅಲ್ಲಿ 1980ರ ದಶಕದ ಆರಂಭದಲ್ಲಿ ಊರಿಗೆಲ್ಲ ಅಡುಗೆ ಅನಿಲ ಕೊಡಲೆಂದು ಸಮುದಾಯದ ಸ್ಥಾವರ ಕಟ್ಟಿದರು. ಊರಿನ ದನಗಳ ಸಗಣಿ ಎಲ್ಲ ಮನೆಗಳ ಅಡುಗೆಗೆ ಸಾಲದೆ ಹೋಯಿತು. ಆಗ ಊರವರೂ ವಿಜ್ಞಾನಿಗಳೂ ಸೇರಿ ದಾರಿ ಬದಲಿಸಿದರು. 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ, ಕೊಳವೆ ಬಾವಿಯಿಂದ ಕುಡಿಯುವ ನೀರನ್ನೂ ಮನೆಗಳಿಗೆ ವಿದ್ಯುದ್ದೀಪವನ್ನೂ ಕೊಟ್ಟರು. ಸಗಣಿ ತಂದ ಮನೆಗೆ ಬಗ್ಗಡ ಹಿಂದಕ್ಕೆ ಸಿಗುತ್ತಿತ್ತು. ಇದು ಹಲವು ವರ್ಷ ನಡೆಯಿತು. ಎಲ್ಲರಿಗೂ ಬೇಕಾದದ್ದನ್ನು ಎಲ್ಲರೂ ಸೇರಿ ನಡೆಸಿದರೆ ನಡೆಯುತ್ತದೆ, ಆದರೆ ಸಗಣಿಯ ಲೆಕ್ಕ ಮೊದಲು, ಸ್ಥಾವರ ಆಮೇಲೆ.

ದನ ಕಡಿಮೆಯಿರುವವರು ಸಗಣಿಯನ್ನು ಗುಂಡಿಗೆ ಹಾಕಿ ಗೊಬ್ಬರ ಮಾಡಲಿ. ಒಲೆಗೆ ಬೇಕಾದ ಉರುವಲನ್ನು ಬದುವಿನಲ್ಲಿ ಬೆಳೆಯಲಿ. ಬದುವಿನ ಗೊಬ್ಬರದ ಗಿಡ, ಎಂದರೆ ಗ್ಲಿರಿಸಿಡಿಯ, ಸವರಿದಷ್ಟೂ ಚಿಗುರುತ್ತದೆ. ಸೊಪ್ಪು ಹೊಲಕ್ಕೆ, ಕಡ್ಡಿ ಒಲೆಗೆ. ಹೊಂಗೆಯೂ ಹಾಗೆಯೇ ಸೊಪ್ಪು, ಕಾಯಿ, ರೆಂಬೆ ಎಲ್ಲವನ್ನೂ ಕೊಡುವ ಮರ.

ಪಂಪುಸೆಟ್ಟಿನ ಸೋರಿಕೆ

ಕರ್ನಾಟಕದಲ್ಲಿ 10 ಎಚ್.ಪಿ.ವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ 2008ರಿಂದ ರೈತರು ವಿದ್ಯುತ್ ಬಿಲ್ಲು ಕಟ್ಟಬೇಕಾಗಿಲ್ಲ. ಹೀಗಿರುವಾಗ ವಿದ್ಯುತ್ ಉಳಿಸಿ ನಮಗೇನು ಎಂದು ಕೆಲವರು ಕೇಳಬಹುದು. ಬಿಲ್ಲು ಬರದಿದ್ದರೂ ಮೋಟಾರು ಸುಟ್ಟರೆ ರಿಪೇರಿಯ ಹಣ ನಮ್ಮದು. ಎಲ್ಲರ ಪಂಪೂ ಹೆಚ್ಚು ಎಳೆದರೆ ಓಲ್ಟೇಜು ಬೀಳುವುದು ನಮ್ಮ ಲೈನಿನಲ್ಲೇ. ನೀರು ವ್ಯರ್ಥವಾದರೆ ಬತ್ತುವುದು ನಮ್ಮ ಕೊಳವೆ ಬಾವಿಯೇ.

ಗಮನಿಸಬೇಕಾದ ಅಂಶಗಳು ಕೆಲವೇ. ತೆರೆದ ಬಾವಿಯ ಪಂಪಿಗೆ ಕಿಂಡಿ ಅಗಲವಾಗಿರುವ ಒಳ್ಳೆಯ ಫುಟ್‌ವಾಲ್ವ್ ಹಾಕಿಸಿ. ಕಸ ಕಟ್ಟಿದ, ಕಿರಿದಾದ ಫುಟ್‌ವಾಲ್ವಿನಿಂದ ನೀರೆಳೆಯುವುದು ಮೂಗು ಹಿಡಿದು ಉಸಿರಾಡಿದ ಹಾಗೆ. ಪೈಪು ತಕ್ಕಷ್ಟು ದಪ್ಪವಿರಲಿ, ತಿರುವುಗಳು ಕಡಿಮೆ ಇರಲಿ. ನೀರು ಬೀಳುವ ಪೈಪಿನ ಬಾಯಿಯನ್ನು ಕಾಲುವೆಗಿಂತ ಬೇಡದಷ್ಟು ಮೇಲಕ್ಕೆ ಎತ್ತಬೇಡಿ. 10 ಮೀಟರು ಎತ್ತಿದರೆ ಸಾಕಾದ ನೀರನ್ನು 12 ಮೀಟರು ಎತ್ತಿ ಕೆಳಕ್ಕೆ ಬೀಳಿಸಿದರೆ ಐದರಲ್ಲಿ ಒಂದು ಪಾಲು ಹೆಚ್ಚು ಕೆಲಸ ಮಾಡಿಸಿದಂತೆ. ಬಾವಿಯ ಆಳ ಮತ್ತು ನೀರಿಗೆ ತಕ್ಕ ಎಚ್.ಪಿ.ಯ ಪಂಪನ್ನೇ ಕೊಳ್ಳಿ, ಐ.ಎಸ್.ಐ. ಗುರುತನ್ನೂ ನಕ್ಷತ್ರದ ಗುರುತನ್ನೂ ನೋಡಿ. ಮತ್ತೆ ಮತ್ತೆ ವೈಂಡಿಂಗ್ ಮಾಡಿಸಿದ ಮೋಟಾರು ಹೆಚ್ಚು ವಿದ್ಯುತ್ತನ್ನು ತಿನ್ನುವುದುಂಟು. ತಕ್ಕ ಕೆಪಾಸಿಟರು ಹಾಕಿಸಿದರೆ ಲೈನಿನ ಓಲ್ಟೇಜಿಗೆ ಒಳ್ಳೆಯದು.

ಆಟೋಸ್ಟಾರ್ಟರನ್ನು ಹಾಕಿ ಮರೆತುಬಿಡುವ ಅಭ್ಯಾಸ ಎಲ್ಲಕ್ಕಿಂತ ದೊಡ್ಡ ಸೋರಿಕೆ. ಕರೆಂಟು ಬಂದಾಗಲೆಲ್ಲ ಪಂಪು ತಾನಾಗಿ ಓಡಿ, ಕಟ್ಟೆ ಒಡೆದು ನೀರು ಪಕ್ಕದ ಹಳ್ಳ ಸೇರುತ್ತದೆ. ಹನಿ ನೀರಾವರಿ, ಗಿಡದ ಬುಡಕ್ಕೆ ತರಗೆಲೆಯ ಹೊದಿಕೆ, ಸಂಜೆಯ ಹೊತ್ತು ನೀರು ಕಟ್ಟುವುದು, ಇವುಗಳಿಂದ ಬೇಕಾದ ನೀರೇ ಕಡಿಮೆಯಾಗುತ್ತದೆ. ಎತ್ತದ ನೀರಿಗೆ ವಿದ್ಯುತ್ ಬೇಡ.

ಮನೆಯ ದೀಪ

ದೀಪದ ವಿಷಯ ಬಹಳ ಹೇಳಬೇಕಾಗಿಲ್ಲ. 60 ವಾಟಿನ ಹಳೆಯ ಬಲ್ಬು ಕೊಡುವ ಬೆಳಕನ್ನು 9 ವಾಟಿನ ಎಲ್.ಇ.ಡಿ. ಬಲ್ಬು ಕೊಡುತ್ತದೆ. ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ ಹಳೆಯದಕ್ಕೆ 9 ಯೂನಿಟ್ಟು, ಹೊಸದಕ್ಕೆ ಒಂದೂವರೆ ಯೂನಿಟ್ಟಿಗಿಂತಲೂ ಕಡಿಮೆ. ಕೊಟ್ಟಿಗೆಯಲ್ಲೋ ಬಚ್ಚಲಲ್ಲೋ ಹಳೆಯ ಬಲ್ಬು ಇನ್ನೂ ಉಳಿದಿದ್ದರೆ ಇಂದೇ ಬದಲಿಸಿ. ಗೋಡೆಗೆ ಸುಣ್ಣ ಬಳಿದರೆ, ಸೂರಿನಲ್ಲಿ ಒಂದು ಗಾಜಿನ ಹೆಂಚು ಇಟ್ಟರೆ ಹಗಲು ದೀಪವೇ ಬೇಡ.

ಒಂದು ವಾರದ ಲೆಕ್ಕ

ಇಷ್ಟೆಲ್ಲವನ್ನೂ ಓದಿ ಪತ್ರಿಕೆಯನ್ನು ಮಡಿಸಿಟ್ಟರೆ ಪ್ರಯೋಜನವಿಲ್ಲ. ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ಒಂದು ವಾರ ಎಂದಿನಂತೆಯೇ ಅಡುಗೆ, ನೀರು ಕಾಯಿಸುವ ಕೆಲಸ ನಡೆಯಲಿ. ಪ್ರತಿದಿನ ಬೆಳಿಗ್ಗೆ ಆ ದಿನದ ಸೌದೆಯನ್ನು ತಕ್ಕಡಿಯಲ್ಲಿ ತೂಗಿ ಬೇರೆ ಇಡಿ, ರಾತ್ರಿ ಉಳಿದದ್ದನ್ನು ಮತ್ತೆ ತೂಗಿ. ಮಕ್ಕಳ ಕೈಯಲ್ಲಿ ಗೋಡೆಯ ಮೇಲೆ ಬರೆಸಿ. ಎರಡನೆಯ ವಾರ ನಾಲ್ಕು ಬದಲಾವಣೆ ಮಾತ್ರ ಮಾಡಿ: ಒಣಗಿದ ಸಣ್ಣ ಸೀಳು, ಪಾತ್ರೆಗೆ ಮುಚ್ಚಳ, ಕುದಿ ಬಂದ ಮೇಲೆ ಸಣ್ಣ ಉರಿ, ಬಿಸಿಲಿಗಿಟ್ಟ ಸ್ನಾನದ ನೀರು. ಮತ್ತೆ ಹಾಗೆಯೇ ತೂಗಿ ಬರೆಸಿ. ಎರಡು ವಾರದ ಮೊತ್ತವನ್ನು ಹೋಲಿಸಿದಾಗ ಉಳಿದದ್ದು ಎಷ್ಟೆಂದು ನಿಮಗೇ ತಿಳಿಯುತ್ತದೆ. ಬೇರೆಯವರು ಹೇಳಿದ ಮಾತಿಗಿಂತ ಮನೆಯ ತಕ್ಕಡಿ ಹೇಳಿದ ಮಾತು ಹೆಚ್ಚು ನಂಬಿಕೆಯದು.

ಆಮೇಲೆ ಒಲೆ ಹಾಕಿಸುವ, ಸ್ಥಾವರ ಕಟ್ಟಿಸುವ ಯೋಚನೆ ಮಾಡಿ. ಅದಕ್ಕೆ ಬೇಕಾದ ಸಲಹೆಯನ್ನೂ ಆಗ ಜಾರಿಯಲ್ಲಿರುವ ಸಹಾಯಧನದ ವಿವರವನ್ನೂ ಗ್ರಾಮ ಪಂಚಾಯಿತಿ, ರೈತ ಸಂಪರ್ಕ ಕೇಂದ್ರ ಇಲ್ಲವೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಊರಿನ ಮಹಿಳಾ ಸಂಘದವರು ಸೇರಿ ಒಂದು ಮನೆಯಲ್ಲಿ ಮಾದರಿ ಒಲೆ ಹಾಕಿಸಿದರೆ ಉಳಿದವರು ಕಣ್ಣಾರೆ ಕಂಡು ಕಲಿಯಬಹುದು.

ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆ ಉರುವಲಿಗೂ ಸಲ್ಲುತ್ತದೆ. ಒಂದು ಮನೆಯಲ್ಲಿ ದಿನಕ್ಕೆ 2 ಕೆ.ಜಿ. ಸೌದೆ ಉಳಿದರೆ ವರ್ಷಕ್ಕೆ 700 ಕೆ.ಜಿ.ಗೂ ಹೆಚ್ಚು. ನೂರು ಮನೆಯ ಊರಿನಲ್ಲಿ ಅದು 70 ಟನ್ನು ದಾಟುತ್ತದೆ. ಊರ ಮುಂದಿನ ತೋಪು ಉಳಿಯುವುದೂ ಅಳಿಯುವುದೂ ಈ ಲೆಕ್ಕದಲ್ಲಿದೆ. ನಾಳೆ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಸೌದೆ ಒಣಗಿದೆಯೇ, ಪಾತ್ರೆಗೆ ಮುಚ್ಚಳವಿದೆಯೇ ಎಂದು ಒಮ್ಮೆ ನೋಡಿ. ಕೆಲಸ ಅಲ್ಲಿಂದಲೇ ಆರಂಭವಾಗಲಿ.